ಅವ್ವನ ಕೌದಿ, ಸೆಕೆಂಡಿಗೆ ಹನ್ನೆರಡು ಚಿತ್ರ

ಉರ್ದು ಮಾಸ್ತರರು ಕೊಟ್ಟ ಪೆನ್‌ಡ್ರೈವನ್ನು ನಾನು ಎರಡು ವಾರ ಮುಟ್ಟಿರಲಿಲ್ಲ. ಕಾರ್ಟೂನು ನೋಡುವ ವಯಸ್ಸೇ ನನ್ನದು? ನಮ್ಮ ಶಾಲೆಯಲ್ಲಿ ಅವರು ಉರ್ದು ಕಲಿಸುತ್ತಾರೆ, ನಾನು ಡ್ರಾಯಿಂಗ್ ಕಲಿಸುತ್ತೇನೆ. ಪರೀಕ್ಷೆ ಹತ್ತಿರ ಬಂದು ಗಣಿತಕ್ಕೆ ಪೀರಿಯಡ್ ಸಾಲದಾದಾಗ ಮೊದಲು ಕಿತ್ತುಕೊಳ್ಳುವುದು ನಮ್ಮಿಬ್ಬರ ಪೀರಿಯಡ್‌ಗಳನ್ನೇ. ಹಾಗಾಗಿ ಸ್ಟಾಫ್ ರೂಮಿನಲ್ಲಿ ಖಾಲಿ ಕೂತು ಕೂತೇ ನಮ್ಮ ದೋಸ್ತಿ ಗಟ್ಟಿಯಾಗಿದೆ.

"ನೋಡಿದ್ರೇನ್ರಿ ಮೇಡಂ?" ಎಂದು ಅವರು ದಿನಾ ಕೇಳುವರು.

"ಟೈಮ್ ಸಿಕ್ಕಿಲ್ರಿ."

"ಅದಕ್ಕೇನ್ ಟೈಮ್ ಬೇಕ್ರಿ? ಒಂದೊಂದು ಸಿನಿಮಾ ನಾಕೈದು ಮಿನಿಟಿಂದು. ಚಹಾ ಕುಡಿಯೋದ್ರಾಗ ಮುಗೀತದ. ದಿಮಾಗ್ ಮಾತ್ರ ಖರಾಬ್ ಆಗ್ತದ, ಅದಕ್ಕ ನಾ ಜವಾಬ್ದಾರ್ ಅಲ್ಲ."

ಕೊನೆಗೆ ಒಂದು ಮಧ್ಯಾಹ್ನ ಕಲಬುರಗಿಯ ಶಹಾಬಜಾರದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಜಪಾನಿನ ಹನ್ನೆರಡು ಜನ ತಮ್ಮ ತಮ್ಮ ಮನಸ್ಸಿಗೆ ಬಂದಂತೆ ಮಾಡಿದ ಹನ್ನೆರಡು ಪುಟ್ಟ ಸಿನಿಮಾಗಳನ್ನು ಒಂದೆಡೆ ಸೇರಿಸಿದ ಸಂಗ್ರಹವದು. ಹೀರೊ ಇಲ್ಲ, ಹೊಡೆದಾಟ ಇಲ್ಲ, ಮಾತೂ ಇಲ್ಲ. ಒಂದರಲ್ಲಿ ಪೆನ್ಸಿಲಿನ ಒಂದೇ ಗೆರೆ ಮೂರು ನಿಮಿಷ ನಡೆಯುತ್ತದೆ. ನಾಯಿಯಾಗುತ್ತದೆ, ಮೆಟ್ಟಿಲಾಗುತ್ತದೆ, ಕೊನೆಗೆ ಒಬ್ಬ ಮುದುಕನ ಮೂಗಾಗಿ ಸೀನುತ್ತದೆ. ಇನ್ನೊಂದರಲ್ಲಿ ಹಸಿ ಬಣ್ಣವನ್ನು ಒರೆಸುತ್ತ, ಮತ್ತೆ ಬಳಿಯುತ್ತ ಒಂದು ಇಡೀ ಊರನ್ನೇ ಮಾಡಿ ಅಳಿಸಿದ್ದರು. ಒಂದಂತೂ ತಿಳಿಯಲೇ ಇಲ್ಲ. ಎರಡನೇ ಸಲ ನೋಡಿದಾಗ ಇನ್ನೂ ತಿಳಿಯಲಿಲ್ಲ. ಮೂರನೇ ಸಲ ತಿಳಿಯುವ ಆಸೆ ಬಿಟ್ಟು ನೋಡಿದೆ, ಭಾಳ ಚೆನ್ನಾಗಿತ್ತು!

ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಗೆರೆ ಅಲುಗಬಾರದು ಎಂದು ಬೈಯುತ್ತ ಬಂದವಳು ನಾನು. ಇಲ್ಲಿ ನೋಡಿದರೆ ಗೆರೆ ಅಲುಗುವುದೇ ಸಿನಿಮಾ. ನನಗೆ ನನ್ನ ಮೇಲೇ ನಗು ಬಂತು.

ಆ ಭಾನುವಾರ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಅಲ್ಲಿ ನನ್ನ ತಮ್ಮನ ಮನೆ. ಅವನದು ಬಾಳೆ ತೋಟ, ಅವ್ವ ಇರುವುದು ಅವನ ಜೊತೆ. ಹೋದ ಕೂಡಲೇ ಕೆಂಪು ಬಾಳೆಹಣ್ಣು ಕೈಗೆ ಬರುತ್ತದೆ, ಎರಡು ತಿನ್ನುವವರೆಗೆ ಮಾತಿಲ್ಲ. ಅವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ ಅವಳು ಹೊಲಿದ ಕೌದಿ ಊರ ಅರ್ಧ ಮನೆಗಳಲ್ಲಿದೆ. ಬಾಣಂತಿಗೆ ಕೌದಿ ಬೇಕೆಂದರೆ ಎಲ್ಲರೂ ಬರುವುದು ಅವ್ವನ ಹತ್ತಿರವೇ. ಅವಳ ಹೊಲಿಗೆಯ ಸಾಲು ಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗೆ ಎಂಬುದು ಊರಿನ ಮಾತು. ಅವ್ವನಿಗೆ ಆ ಮಾತಿನ ಸೊಕ್ಕೂ ಸ್ವಲ್ಪ ಇತ್ತು.

ಅವ್ವ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡು, ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದಳು.

"ಇದರಾಗ ಮಂದಿ ಎಲ್ಲಿ ಹೋಗ್ಯಾರ?"

"ಮಂದಿ ಇಲ್ಲವ್ವ, ಬರೀ ಗೆರಿ."

"ಗೆರಿ ನೋಡ್ಲಾಕ ಜಪಾನಕ್ಕ ಹೋಗಬೇಕೇನು? ನಮ್ಮ ಅಂಗಳದಾಗ ದಿನಾ ಹಾಕ್ತೀವಿ." ಬೈಯುತ್ತಲೇ ಐದಾರು ಸಿನಿಮಾ ನೋಡಿದಳು. ಆಮೇಲೆ ಅಂದಳು: "ಇದು ಒಬ್ಬರ ಕೈಯಂದಲ್ಲ. ಹತ್ತು ಮನಿ ಅರಿವಿ ಕೂಡ್ಸಿ ಕೌದಿ ಹೊಲದಂಗ ಅದ."

ನನ್ನ ತಲೆಯಲ್ಲಿ ಹುಳ ಬಿಟ್ಟವಳು ಅವಳೇ. ಮರುದಿನ ಶಾಲೆಗೆ ಹೋಗಿ ಉರ್ದು ಮಾಸ್ತರರಿಗೆ ಹೇಳಿದೆ, ನಾವೂ ಇಂಥದೊಂದು ಮಾಡೋಣ, ನಿಮ್ಮದೊಂದು, ನನ್ನದೊಂದು. ಅವರು ಕೂತಲ್ಲಿಯೇ ಒಪ್ಪಿದರು. ಅವರದು ಅಲಿಫ್ ಎಂಬ ಮೊದಲ ಅಕ್ಷರ ಕೈಕಾಲು ಮೂಡಿ ಬಲದಿಂದ ಎಡಕ್ಕೆ ನಡೆದುಹೋಗುವ ಸಿನಿಮಾ. ನನ್ನದು ಕೌದಿ ತಾನೇ ತಾನಾಗಿ ಹೊಲಿದುಕೊಳ್ಳುವ ಸಿನಿಮಾ. ಎರಡೂ ಮುಗಿದ ಮೇಲೆ ರೋಜಾ ಬಡಾವಣೆಯಲ್ಲಿರುವ ಅವರ ಮನೆಯ ಬಿಳಿ ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವುದು, ಶಾಲೆಯವರನ್ನೆಲ್ಲ ಕರೆಯುವುದು ಎಂದು ನಿಶ್ಚಯವಾಯಿತು.

ಕಮಲಾಪುರದ ಮನೆಯ ಪಡಸಾಲೆಯ ತೊಲೆಗೆ ನನ್ನ ಹಳೆಯ ಫೋನನ್ನು ಕೆಳಮುಖ ಮಾಡಿ ಕಟ್ಟಿದೆವು. ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮೂಲೆ ಗುರುತು ಹಾಕಿದೆ. ಅವ್ವ ಗೇಣುದ್ದ ಹೊಲಿದ ಮೇಲೆ ಕೌದಿಯನ್ನು ಆ ಗುರುತಿನೊಳಗೆ ಹಾಸಬೇಕು, ತಮ್ಮನ ಹೆಂಡತಿ ಸ್ಟೂಲು ಹತ್ತಿ ಫೋಟೋ ಒತ್ತಬೇಕು, ಮತ್ತೆ ಗೇಣುದ್ದ ಹೊಲಿಗೆ, ಮತ್ತೆ ಸ್ಟೂಲು. ಹೀಗೆ ತೆಗೆದ ಚಿತ್ರಗಳನ್ನು ಸೆಕೆಂಡಿಗೆ ಹನ್ನೆರಡರಂತೆ ಓಡಿಸಿದರೆ ಹೊಲಿಗೆ ಕಣ್ಣೆದುರೇ ಓಡುತ್ತದೆ.

"ನಿಮ್ಮ ಸಿನಿಮಾ ಮುಗಿಯೋದ್ರಾಗ ನನ್ನ ಮೊಣಕಾಲು ಮುಗೀತಾವ್ರಿ ಅಕ್ಕಾರ," ಎಂದಳು ಆ ಪುಣ್ಯಾತ್ಗಿತ್ತಿ. ಆದರೂ ಎರಡು ತಿಂಗಳು ತಪ್ಪದೆ ಒತ್ತಿದಳು.

ಕೌದಿ ಮುಗಿಯಿತು. ನಮ್ಮ ಮನೆಯಲ್ಲಿ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೆ ಒಂದು ಚೂರು ಹೋಳಿಗೆ ಇಡುತ್ತಾರೆ. ಕೌದಿ ಉಪವಾಸ ಇರಬಾರದಂತೆ. ಹೋಳಿಗೆ ಇಡುವ ಅವ್ವನ ಕೈಯೇ ಕೊನೆಯ ಫೋಟೋ. ನಾನೂರರ ಹತ್ತಿರ ಚಿತ್ರಗಳಾಗಿದ್ದವು.

ಮನೆಗೆ ತಂದು, ಎಲ್ಲವನ್ನೂ ಸಾಲಾಗಿ ಕೂಡಿಸಿ, ಒಂದು ಭಾನುವಾರ ಊಟವಾದ ಮೇಲೆ ಓಡಿಸಿದೆ. ಆಹಾ! ಕೆಂಪು ಸೀರೆಯ ತುಂಡಿನ ಮೇಲೆ ಬಿಳಿ ದಾರ ಹೊರಟಿತು. ಒಂದು ಸಾಲು, ಎರಡು ಸಾಲು, ಹತ್ತು ಸಾಲು. ಕೂತಲ್ಲೇ ಚಪ್ಪಾಳೆ ಹೊಡೆದೆ. ಅಷ್ಟರಲ್ಲಿ ನಡುವೆ ಒಂಬತ್ತು ಸಾಲು ಒಮ್ಮೆಲೇ ಮಾಯ! ಬರೀ ಬಟ್ಟೆ. ಮರುಕ್ಷಣ ಅದೇ ಒಂಬತ್ತು ಸಾಲು ಮತ್ತೆ ಮೊದಲಿನಿಂದ ಹೊಲಿದುಕೊಂಡು ಬಂದವು.

ಫೋಟೋಗಳು ಹಿಂದುಮುಂದಾಗಿವೆ ಎಂದು ತಮ್ಮನ ಹೆಂಡತಿಗೆ ಫೋನು ಹಚ್ಚಿದೆ. ಅವಳು ದನಿ ತಗ್ಗಿಸಿದಳು. "ಅಕ್ಕಾರ, ಅತ್ತಿ ಬಿಚ್ಯಾರ್ರಿ. ನಡಕಿನ ಹೊಲಿಗಿ ಪುರಾ ಬಿಚ್ಚಿ ಮತ್ತ ಹೊಲದಾರ್ರಿ. ನಿಮಗ ಹೇಳಬ್ಯಾಡ ಅಂದಾರ."

ನನ್ನ ಸಿಟ್ಟು ನೆತ್ತಿಗೇರಿತು. ಅವ್ವನ ಕೈಗೆ ಫೋನು ಕೊಡು ಎಂದೆ.

"ಅವ್ವ, ಎರಡು ತಿಂಗಳ ಮೆಹನತ್ ಹಾಳ್ಮಾಡ್ದಿ! ಯಾಕ ಬಿಚ್ಚಿದಿ?"

"ಸೊಟ್ಟ ಆಗಿತ್ತು."

"ಆದ್ರ ಏನಾತು?"

"ಏನಾತು ಅಂತಿ? ಗ್ವಾಡಿ ಮ್ಯಾಲ ಇಷ್ಟು ದೊಡ್ಡದು ಮಾಡಿ ತೋರಸ್ತೀನಂದಿ. ಮಂದಿ ನೋಡ್ತಾರ. ನನ್ನ ಹೆಸರು ಏನಾಗಬೇಕು? ಆ ಸೊಟ್ಟ ಫೋಟೋ ಅಷ್ಟೂ ತಗದು ಒಗಿ."

ಅಷ್ಟು ಹೇಳಿ ಇಟ್ಟೇಬಿಟ್ಟಳು. ಬೇರೆ ದಾರಿಯಿರಲಿಲ್ಲ. ಬೈಯುತ್ತ, ತೆಗೆದೊಗೆಯಬೇಕಾದ ಆ ಆರು ಸೆಕೆಂಡಿನ ಚಿತ್ರಗಳನ್ನಷ್ಟೇ ಬೇರೆ ಮಾಡಿ ಓಡಿಸಿದೆ. ಇನ್ನೊಮ್ಮೆ ಓಡಿಸಿದೆ.

ಒಂದೊಂದೇ ಫೋಟೋ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಓಡಿಸಿದಾಗ ಸ್ಪಷ್ಟವಾಗಿತ್ತು. ಮೊದಮೊದಲು ಅಕ್ಕಿಕಾಳಿನಷ್ಟಿದ್ದ ಹೊಲಿಗೆ ಬರಬರುತ್ತ ಉಗುರಿನಷ್ಟು ಉದ್ದವಾಗುತ್ತಿತ್ತು. ಸಾಲು ಬಲಕ್ಕೆ ಜಾರಿ, ಎಡಕ್ಕೆ ಹೊರಳಿ, ಪಕ್ಕದ ಸಾಲನ್ನು ಹಾಯ್ದು ಹೋಗುತ್ತಿತ್ತು. ಬಿಚ್ಚಿ ಮತ್ತೆ ಹೊಲಿದಾಗ ಮಾತ್ರ ನೆಟ್ಟಗಾಗಿತ್ತು. ಆ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಸಾಲಿನ ಪಕ್ಕ ಒಂದು ದಪ್ಪ ಹುರಿಯನ್ನು ಬಿಗಿಯಾಗಿ ಕಟ್ಟಿದ್ದಳು. ಅದನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ಹೊಲಿದಿರಬೇಕು, ಕಣ್ಣಿನಿಂದಲ್ಲ. ಮೊದಲ ಸಾಲು ಸೊಟ್ಟಾದದ್ದು ತಿಳಿದದ್ದೂ ಬೆರಳಿಗೇ.

ಲ್ಯಾಪ್‌ಟಾಪನ್ನು ಮೂಗಿಗೆ ಹಿಡಿದದ್ದು ನೆನಪಾಯಿತು. ಬೆಳಿಗ್ಗೆಯೇ ಸೊಸೆಯಿಂದ ಹತ್ತು ಸೂಜಿಗೆ ದಾರ ಪೋಣಿಸಿಟ್ಟುಕೊಳ್ಳುವುದು, ಚಹಾದ ಕಪ್ಪನ್ನು ನೆಲದ ಮೇಲೆ ತಡವರಿಸಿ ಹುಡುಕುವುದು, ಎಲ್ಲ ನೆನಪಾಯಿತು. ಅವ್ವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ವಾರಕ್ಕೊಮ್ಮೆ ಹೋಗಿ ಎದುರಿಗೆ ಕೂತು ಬಾಳೆಹಣ್ಣು ತಿಂದು ಬರುವ ಮಗಳಿಗೆ ಅದು ತಿಳಿಯಲು ಸಿನಿಮಾ ಬೇಕಾಯಿತು. ನನಗೆ ಭಾಳ ನಾಚಿಕೆಯಾಯಿತು, ಅಳುವೂ ಬಂತು.

ಸೋಮವಾರ ರಜೆ ಕೇಳಲು ಹೋದಾಗ ಉರ್ದು ಮಾಸ್ತರರಿಗೆ ಎಲ್ಲ ಹೇಳಿದೆ. "ಸಿನಿಮಾ ಎಲ್ಲಿ ಓಡಿಹೋಗ್ತದ್ರಿ?" ಎಂದರು. "ಮೊದ್ಲು ಅಮ್ಮಾರ ಕಣ್ಣು ನೋಡ್ರಿ. ನನ್ನ ಅಲಿಫ್ ಇನ್ನೂ ನಡೀಲಾಕ ಕಲ್ತಿಲ್ಲ, ಎರಡು ಹೆಜ್ಜಿ ಇಟ್ಟು ಬೀಳ್ಲಾಕತ್ತದ."

ಕಮಲಾಪುರಕ್ಕೆ ಹೋಗಿ ಕಣ್ಣು ತೋರಿಸೋಣ ಎಂದರೆ ಅವ್ವ ಮೊದಲು ಒಪ್ಪಲಿಲ್ಲ. "ನನ್ನ ಕಣ್ಣು ಬರೋಬ್ಬರಿ ಅವ. ನಿನಗ ಯಾರ್ ಹೇಳ್ಯಾರ?"

"ನಿನ್ನ ಕೌದಿ ಹೇಳ್ತು," ಎಂದು ಲ್ಯಾಪ್‌ಟಾಪನ್ನು ತಮ್ಮನ ಮನೆಯ ಟಿವಿಗೆ ಜೋಡಿಸಿದೆ. ಟಿವಿಯ ಮುಂದೆ ಗೇಣು ದೂರದಲ್ಲಿ ಕೂತಳು. ಸಿನಿಮಾ ಓಡಿತು. ಮತ್ತೊಮ್ಮೆ ಹಾಕು ಎಂದಳು. ಮೂರನೇ ಸಲ ಆ ಆರು ಸೆಕೆಂಡು ಬಂದಾಗ ಗಾಜಿನ ಮೇಲೆ ಬೆರಳಿಟ್ಟು ಸಾಲಿನ ಬೆನ್ನು ಹತ್ತಿದಳು. ಬೆರಳು ಬಲಕ್ಕೆ ಹೋಯಿತು, ಎಡಕ್ಕೆ ಹೋಯಿತು.

"ಎವ್ವಾ! ಸೇಂದಿ ಕುಡುದು ಹೊಲದೋರ ಗತೆ ಅದಲ್ಲ!" ಎಂದು ನಕ್ಕಳು. ಹಿಂದೆ ನಿಂತಿದ್ದ ಸೊಸೆಯೂ ಕಿಸಕ್ಕನೆ ನಕ್ಕಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ದವಾಖಾನಿಗೆ ಹೋದ್ರ ಸೂಜಿ ಮುಟ್ಟಬ್ಯಾಡ ಅಂತಾರ. ಸೂಜಿ ಬಿಟ್ಟು ನಾ ಏನ್ ಮಾಡ್ಲಿ, ಹೇಳು? ಅದಕ್ಕ ಸುಮ್ಕ ಇದ್ದೆ."

ಡಾಕ್ಟರಿಗೆ ನೀನೇ ಕೇಳು ಎಂದೆ. ಕಲಬುರಗಿಯ ಕಣ್ಣಿನ ದವಾಖಾನೆಯಲ್ಲಿ ಅವಳು ಕುರ್ಚಿಯ ಮೇಲೆ ಕೂತ ಕೂಡಲೇ ಕೇಳಿದ್ದೂ ಅದನ್ನೇ: "ಸೂಜಿ ಎಷ್ಟು ದಿನ ಕಸಗೊಂತೀರಿ?" ಪೊರೆ ಬಲಿತಿದೆ, ಆಪರೇಷನ್ ಆದ ಮೇಲೆ ಒಂದು ತಿಂಗಳು ಹೊಲಿಯಬೇಡಿ ಅಜ್ಜಿ, ಆಮೇಲೆ ಎಷ್ಟಾದರೂ ಹೊಲಿಯಿರಿ ಎಂದರು ಡಾಕ್ಟರು. ಬರೆದುಕೊಡಿ ಎಂದಳು. ಅವರು ನಗುತ್ತ ಚೀಟಿಯ ಹಿಂದೆ ಬರೆದೂ ಕೊಟ್ಟರು.

ಅವಳು ನನಗೂ ಒಂದು ಶರತ್ತು ಹಾಕಿದಳು. ಹೊಸ ಕಣ್ಣಿನಿಂದ ಅವಳು ನೋಡಿ ಪಾಸು ಮಾಡುವವರೆಗೆ ಸಿನಿಮಾ ಯಾರಿಗೂ ತೋರಿಸಬಾರದು. ಸೊಟ್ಟ ಸಾಲು ಇರಬೇಕೋ ಹೋಗಬೇಕೋ, ಅದನ್ನೂ ಅವಳೇ ಹೇಳುತ್ತಾಳೆ. ಪಟ್ಟಿ ಬಿಚ್ಚಿದ ಕೂಡಲೇ ಮೊದಲು ಅದನ್ನೇ ತೋರಿಸಬೇಕು.

ಆಪರೇಷನ್ ಆದ ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಅವಳ ಮಂಚದ ಪಕ್ಕ ತಯಾರಾಗಿ ನಿಂತೆ. ನರ್ಸಮ್ಮ ಪಟ್ಟಿ ಬಿಚ್ಚಿ, ಕಣ್ಣಿಗೆ ಹನಿ ಹಾಕಿ, ನಿಧಾನಕ್ಕೆ ತೆರೀರಿ ಅಜ್ಜಿ ಎಂದಳು. ಅವ್ವ ಕಣ್ಣು ತೆರೆದಳು. ಕಿಟಕಿ ನೋಡಿದಳು, ತನ್ನ ಎರಡೂ ಅಂಗೈ ನೋಡಿಕೊಂಡಳು. ನಾನು ಲ್ಯಾಪ್‌ಟಾಪನ್ನು ಅವಳ ಮುಂದೆ ಹಿಡಿದೆ. ಅವಳು ಅದನ್ನು ಕೈಯಿಂದ ಬದಿಗೆ ಸರಿಸಿ ನನ್ನನ್ನೇ ನೋಡುತ್ತ ಕೂತಳು.

"ಏ ಹುಡುಗಿ, ತಲಿ ಇಷ್ಟು ಬೆಳ್ಳಗ ಯಾವಾಗ ಆತು ನಿಂದು?"

ನಾನು ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು.