ಈರಪ್ಪ ಟೇಲರ್ ಹೆಸರಿನಲ್ಲಿ ಹೋದ ಪತ್ರಗಳು

ರೇಡಿಯೋಕ್ಕೆ ಆ ಪತ್ರಗಳನ್ನು ಬರೆದವಳು ನಾನು. ನೇಸರಗಿಯ ಈರಪ್ಪ ಟೇಲರ್ ಅಲ್ಲ. ನಾಲ್ಕೂ ಪತ್ರಗಳು ನನ್ನವೇ — ಅವರ ಅಂಗಡಿಯನ್ನು ಮುಚ್ಚಿಸಿದ ಆ ಕೊನೆಯ ಪತ್ರ ಕೂಡ ನನ್ನದೇ.

ಇಷ್ಟು ಬರೆದು ಎದ್ದು ಹೋಗಿ, ಮುಂಬಾಗಿಲ ಅಗಳಿ ಹಾಕಿದ್ದೇನೆಯೇ ಎಂದು ನೋಡಿ ಬಂದೆ. ಮನೆಯಲ್ಲಿ ಯಾರೂ ಇಲ್ಲ. ಗಂಡ ಹೊಲಕ್ಕೆ ಹೋಗಿದ್ದಾರೆ, ಮಗಳು ರಾಮದುರ್ಗಕ್ಕೆ ಕಾಲೇಜಿಗೆ. ಹಾಡಹಗಲು. ಆದರೂ — ಇಪ್ಪತ್ತು ವರ್ಷಗಳಿಂದ ನಾನು ಹೀಗೆಯೇ ಬಾಗಿಲು ನೋಡಿಕೊಂಡು ಬದುಕಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಹತ್ತನೆಯ ತರಗತಿಯ ಗಣಿತ ನನ್ನನ್ನು ಕೈಬಿಟ್ಟಿತ್ತು. ಕಿರಾಣಿ ಅಂಗಡಿಯ ಅಪ್ಪ, ಹೊಲಿಗೆಯನ್ನಾದರೂ ಕಲಿಯಲಿ ಎಂದು ನನ್ನನ್ನು ಎದುರು ಮನೆಯ ಈರಪ್ಪ ಕಾಕಾನ ಹತ್ತಿರ ಬಿಟ್ಟರು. ಕಾಕಾನಿಗೆ ಆಗ ಐವತ್ತು ದಾಟಿತ್ತು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತರೆ ಅವರ ಅಂಗಡಿಯ ಒಳಗಿನದೆಲ್ಲ ಕಾಣುತ್ತಿತ್ತಾದ್ದರಿಂದ ಅವ್ವನಿಗೂ ಚಿಂತೆಯಿರಲಿಲ್ಲ.

ಕಾಕಾ ಯಾರ ಮಾತಿಗೂ ಎದುರಾಡಿದವರಲ್ಲ. ಮಳೆ ಬರುತ್ತದೆ ಎಂದರೂ ಹೌದ್ರಿ, ಬರುವುದಿಲ್ಲ ಎಂದರೂ ಹೌದ್ರಿ. ನಾನೋ — ನನಗೆ ಕಂಡದ್ದಕ್ಕೆಲ್ಲ ಒಂದು ಅಭಿಪ್ರಾಯ. ಊರೆಲ್ಲ ಹೊಗಳಿದ್ದು ನನಗೆ ಸಪ್ಪೆ, ಊರು ಬೈದದ್ದು ನನಗೆ ಇಷ್ಟ. "ಮಾದೇವಿ, ಜಂಪರಿಗೆ ಹುಕ್ಕು ಹಚ್ಚೂದ ಕಲತ ಮ್ಯಾಲ ನಿನ್ನ ಬಾಯಿಗೂ ಒಂದ ಹಚ್ಕೊ" ಎಂದು ಅವ್ವ ಗದರುತ್ತಿದ್ದಳು.

ಕಾಕಾನ ಅಂಗಡಿಯ ರೇಡಿಯೋ ಬೆಳಗಿನಿಂದ ಸಂಜೆಯತನಕ ಹಾಡುತ್ತಿತ್ತು. ಬುಧವಾರ ಮಧ್ಯಾಹ್ನ ಕೇಳುಗರ ಪತ್ರಗಳನ್ನು ಓದುವ ಕಾರ್ಯಕ್ರಮ. ಒಂದು ಬುಧವಾರ ರೇಡಿಯೋದವರು ಹೊಸದೊಂದು ಕೋರಿಕೆ ಇಟ್ಟರು — ಎಲ್ಲರೂ ತಲೆದೂಗುವ ಮಾತು ಬೇಡ, ಆಟ, ಮನರಂಜನೆ, ದಿನದ ಬದುಕು, ಯಾವುದರ ಬಗ್ಗೆಯಾದರೂ ಸರಿ, ನಿಮಗೊಬ್ಬರಿಗೇ ಹಾಗನ್ನಿಸುತ್ತದೆ ಎನ್ನುವಂಥ ಮಾತಿದ್ದರೆ ಬರೆಯಿರಿ. ನನ್ನನ್ನೇ ಹೆಸರು ಹಿಡಿದು ಕರೆದಂತಾಯಿತು.

ಬರೆದೆ. ಆದರೆ ಕೆಳಗೆ ಹೆಸರು ಹಾಕುವಾಗ ಕೈ ನಿಂತಿತು. ನನ್ನ ಹೆಸರು ರೇಡಿಯೋದಲ್ಲಿ ಬಂದರೆ ಅಪ್ಪ ಸುಮ್ಮನಿರುವ ಆಸಾಮಿಯಲ್ಲ. ಆಗಲೇ ನನಗೆ ಗಂಡು ನೋಡುತ್ತಿದ್ದರು. ತಲೆಯೆತ್ತಿದೆ — ಎದುರಿಗೆ ಕಾಕಾ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದರು. ಈರಪ್ಪ, ಟೇಲರ್, ನೇಸರಗಿ, ಎಂದು ಬರೆದುಬಿಟ್ಟೆ. ಇವರನ್ನು ಯಾರು ಬೈಯುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ಕೂಡ ಯೋಚಿಸಲಿಲ್ಲ.

ಮೊದಲ ಪತ್ರ ಕ್ರಿಕೆಟ್ ಮೇಲೆ. ಆಡುವವರು ನಿಂತು ಬೇಸರಪಡುವ ಆಟವನ್ನು ಕೇಳುವವರು ಕೂತು ಯಾಕೆ ಕೊಂಡಾಡಬೇಕು, ನಮ್ಮ ಹುಡುಗಿಯರ ಖೋ ಖೋದ ಒಂದು ಸುತ್ತಿನಲ್ಲಿರುವ ಓಟ ಅದರ ಇಡೀ ದಿನದಲ್ಲಿಲ್ಲ, ಎಂದು. ರೇಡಿಯೋದಲ್ಲಿ ಅದನ್ನು ಓದಿ ಹೆಸರು ಹೇಳಿದಾಗ ಮೆಷಿನ್ ಮೇಲಿದ್ದ ಕಾಕಾನ ಕಾಲು ನಿಂತಿತು. "ನಮ್ಮೂರಾಗ ಇನ್ನೊಬ್ಬ ಈರಪ್ಪ ಟೇಲರ್ ಅದಾನೇನ ತಂಗಿ?" ಎಂದು ನನ್ನನ್ನೇ ಕೇಳಿದರು. "ಯಾರಿಗೊತ್ತರಿ ಕಾಕಾ" ಎಂದೆ. ಸಂಜೆಯೊಳಗೆ ಹರೆಯದ ಹುಡುಗರು ಬಂದು ಜಗಳ ತೆಗೆದರು, ಹಿರಿಯರು ಬಂದು ಭುಜ ತಟ್ಟಿದರು. ನಾನಲ್ಲ ಎಂದು ಕಾಕಾ ಎರಡು ದಿನ ಹೇಳಿದರು. ಯಾರೂ ನಂಬಲಿಲ್ಲ. ಮೂರನೆಯ ದಿನ, ಚಹಾದಂಗಡಿಯವನು ಕೇಳಿದಾಗ, ನಾಚಿಕೊಂಡು, "ಏನೋ... ಅನ್ನಿಸ್ತು, ಬರದೆ" ಎಂದರು.

ಆ ನಾಚಿಕೆ ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ — ಇಬ್ಬರಿಗೂ ಲಾಭವೇ ಎಂದು ಭಾವಿಸಿದೆ. ಎರಡನೆಯ ಪತ್ರದಲ್ಲಿ, ರೇಡಿಯೋ ನಾಟಕದ ಹೆಂಡತಿ ಕುಡುಕ ಗಂಡನನ್ನು ಪ್ರತಿಸಲ ಹಾಡು ಹಾಡಿ ಕ್ಷಮಿಸುವುದನ್ನು ಬಿಟ್ಟು ಒಂದು ಸಲವಾದರೂ ತವರಿನ ಬಸ್ಸು ಹತ್ತಲಿ ಎಂದು ಬರೆದೆ. ಮೂರನೆಯದರಲ್ಲಿ, ಚುರುಮುರಿಯ ಜೊತೆ ಮಿರ್ಚಿ ಭಜಿ ಇರಲೇಬೇಕೆಂದೇನಿಲ್ಲ ಎಂದು. ಊರು ನಕ್ಕಿತು, ಕೂಗಾಡಿತು, ಕಾಕಾನ ಅಂಗಡಿಯಲ್ಲಿ ಕೂರಲು ಜಾಗ ಸಾಲದಾಯಿತು. ಕಾಕಾ ಬುಧವಾರ ಬಂತೆಂದರೆ ಬಿಳಿ ಅಂಗಿ ಹಾಕಿಕೊಂಡು ಬರತೊಡಗಿದರು.

ಇನ್ನು ನಾಲ್ಕನೆಯ ಪತ್ರ. ಇದನ್ನು ಬರೆಯಲು — ಇಲ್ಲ, ಬರೆಯುತ್ತೇನೆ.

ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಎಲೆ ಅಡಿಕೆಯ ಜೊತೆ ಒಂದು ಖಣ, ಅಂದರೆ ಜಂಪರಿನ ಬಟ್ಟೆ, ಇಡುತ್ತಾರಲ್ಲ. ಎಷ್ಟೋ ಖಣಗಳನ್ನು ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು, ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಉಡಿಗೆ ಹಾಕುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಕಾಕಾನದೊಂದು ಪದ್ಧತಿಯಿತ್ತು. ಹೊಲಿಯಲು ಬಂದ ಪ್ರತಿ ಬಟ್ಟೆಯ ಮೂಲೆಗೆ ಆ ಮನೆಯ ಗುರುತಿನ ದಾರದಿಂದ ಎರಡು ಹೊಲಿಗೆ ಹಾಕುತ್ತಿದ್ದರು. ನಮ್ಮ ಮನೆಗೆ ಕೆಂಪು ದಾರ, ಗೌಡರ ಮನೆಗೆ ನೀಲಿ. ಯಾವ ದಾರ ಯಾವ ಮನೆಯದು ಎಂದು ಅವರಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಸಲ ಗೌಡರ ಹೆಂಡತಿ ಪಾರ್ವತವ್ವ ಗೌಡಶಾನಿಯವರು ಗಿಣಿಹಸಿರು ಖಣವೊಂದನ್ನು ಹೊಲಿಯಲು ಕೊಟ್ಟವರು, ಎರಡು ದಿನ ಬಿಟ್ಟು ಬಂದು, "ಇದು ಉರುಟ ಐತಿ ಈರಪ್ಪಾ, ಮೈಗೆ ಚುಚ್ಚತೈತಿ, ಹೊಲಿಬ್ಯಾಡ. ಯಾರದರ ಉಡಿಗೆ ಹಾಕತೇನಿ" ಎಂದು ಒಯ್ದಿದ್ದರು. ಎಂಟು ತಿಂಗಳ ನಂತರ ಅವರ ಮಗಳ ಕುಬಸದ ಕಾರ್ಯವಾಯಿತು. ಬಸುರಿ ಮಗಳ ಉಡಿಗೆ ಬಂದ ಖಣಗಳಲ್ಲಿ ಚೆಂದದ್ದು ನಾಲ್ಕು ಆರಿಸಿ ಹೊಲಿಯಲು ತಂದರು. ಅವರು ಹೋದ ಮೇಲೆ ಕಾಕಾ ಮಡಿಕೆ ಬಿಚ್ಚಿದರು. ಅದೇ ಗಿಣಿಹಸಿರು, ಮೂಲೆಯಲ್ಲಿ ನೀಲಿ ದಾರದ ಎರಡು ಹೊಲಿಗೆ. ಗೌಡಶಾನಿಯವರಿಗೇ ಅದರ ಗುರುತು ಸಿಕ್ಕಿರಲಿಲ್ಲ. ನಾನು ಬಾಯಿಗೆ ಸೆರಗು ಒತ್ತಿ ನಕ್ಕೆ. ಕಾಕಾ ನಗಲಿಲ್ಲ. ದಾರವನ್ನು ಹುಷಾರಾಗಿ ಬಿಚ್ಚಿ ತೆಗೆದು, "ಅಂಗಡಿ ಮಾತು ಅಂಗಡ್ಯಾಗ ಇರಬೇಕವ್ವ. ಮಂದಿ ನಮ್ಮನ್ನ ನಂಬಿ ಅರಿವಿ ಕೊಡತಾರ" ಎಂದರು. ನಾನು ಹೂಂ ಎಂದೆ.

ಹೂಂ ಎಂದ ವಾರದಲ್ಲೇ ಬರೆದೆ. ಯಾರೂ ಹೊಲಿಸದ ಖಣವನ್ನು ಕೊಡುವುದೇಕೆ, ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದರೆ ಸಾಲದೇ — ಇಷ್ಟೇ ಬರೆದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಉರುಟು ಎಂದು ತಾವು ತೊಡದ ಗಿಣಿಹಸಿರು ಖಣ ಮನೆಮನೆ ತಿರುಗಿ ಮಗಳ ಉಡಿಗೇ ಮರಳಿದ ಕತೆಯನ್ನೂ, ನಾನು ಹಾಕಿದ ದಾರದಿಂದಲೇ ಅದರ ಗುರುತು ಹಿಡಿದೆನೆಂಬುದನ್ನೂ, ಟೇಲರನೇ ಹೇಳುತ್ತಿರುವಂತೆ, ರಸವತ್ತಾಗಿ ಬರೆದೆ. ಯಾರ ಹೆಸರನ್ನೂ ಹೇಳಿರಲಿಲ್ಲ, ಅದಕ್ಕೇ ಧೈರ್ಯ. ಆ ಖಣ ಕೈಯಿಂದ ಕೈಗೆ ದಾಟಿಸಿದ ಹೆಂಗಸರೆಲ್ಲ ಅದರ ಬಣ್ಣ ಕೇಳಿದೊಡನೆ ಗುರುತಿಸುತ್ತಾರೆ, ಒಬ್ಬರನ್ನೊಬ್ಬರು ಕೇಳಿಕೊಂಡು ಮೊದಲ ಮನೆಯ ತನಕ ಹೋಗುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ರೇಡಿಯೋದ ಅಕ್ಕ ಆ ಪತ್ರವನ್ನು ನಗುನಗುತ್ತ ಓದಿದರು. "ಗಿಣಿಹಸಿರು" ಎಂಬ ಶಬ್ದ ಬಂದಾಗ ಕಾಕಾ ನನ್ನ ಕಡೆ ತಿರುಗಿದರು. ಆ ಖಣದ ಗುಟ್ಟು ಅವರನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಅಷ್ಟೂ ಪತ್ರಗಳು ಯಾರವೆಂದು ಅವರಿಗೆ ಆ ಕ್ಷಣ ತಿಳಿಯಿತು. ಬೈಯಲಿಲ್ಲ. ರೇಡಿಯೋ ಕಿವಿ ತಿರುವಿ ಆರಿಸಿದರು. ಆ ಅಂಗಡಿಯಲ್ಲಿ ಮಧ್ಯಾಹ್ನ ರೇಡಿಯೋ ನಿಂತದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಮರುದಿನ ಗೌಡಶಾನಿಯವರು ಬಂದರು. ಹಿಂದೆ ಏಳೆಂಟು ಹೆಂಗಸರು, ಅವರಲ್ಲಿ ನಮ್ಮವ್ವನೂ ಇದ್ದಳು. ನಾನು ಮೂಲೆಯಲ್ಲಿ ಜಂಪರಿಗೆ ಹುಕ್ಕು ಹಚ್ಚುತ್ತ ಕೂತಿದ್ದೆ. ಗೌಡಶಾನಿಯವರ ದನಿ ಏರಲಿಲ್ಲ, ಅದಕ್ಕೇ ಇನ್ನೂ ಹೆದರಿಕೆಯಾಯಿತು.

"ಈರಪ್ಪಾ, ಬಸುರಿ ಹೆಣಮಗಳ ಉಡಿ ಮಾತು ಊರ ಮುಂದ ಆಡಿದಿ. ನೀನಽ ಬರದಿಯೇನು?"

ಕಾಕಾ ಎದ್ದು ನಿಂತರು. ನನ್ನ ಕಡೆ ನೋಡಿದರು. ನಾನು ತಲೆಯೆತ್ತಲಿಲ್ಲ, ಆದರೆ ನೋಡುತ್ತಿದ್ದಾರೆಂದು ಗೊತ್ತಾಯಿತು. ನಾನು ಬಾಯಿ ಬಿಡಲೆಂದು ಕಾಯುತ್ತಿದ್ದರೋ ಏನೋ. ಒಂದು ಮಾತು ಸಾಕಿತ್ತು. ಅವ್ವ ಅಲ್ಲೇ ನಿಂತಿದ್ದಳು. ಮುಂದಿನ ವಾರ ಸುರೇಬಾನದಿಂದ ನನ್ನನ್ನು ನೋಡಲು ಬರುವವರಿದ್ದರು. ಸೂಜಿ ಬೆರಳಿಗೆ ಚುಚ್ಚಿತು, ರಕ್ತ ಬಂತು, ನಾನು ಹುಕ್ಕು ಹಚ್ಚುತ್ತಲೇ ಇದ್ದೆ.

"ಹೌದ್ರಿ. ನಾನಽ ಬರದೇನ್ರಿ. ತಪ್ಪಾತ್ರಿ" ಎಂದರು ಕಾಕಾ.

ತಪ್ಪೊಪ್ಪಿದ್ದು ಯಾರಿಗೂ ಸಾಲಲಿಲ್ಲ. ಉಡಿಯ ಖಣ ಆಡಿಕೊಂಡವನು ಹೊಲಿದದ್ದು ಮೈಗೆ ಆಗಿಬರುವುದಿಲ್ಲ ಎಂದು ಒಬ್ಬರು ಹೇಳಿದರು. ಅಲ್ಲಿಗೆ ಮುಗಿಯಿತು. ಒಬ್ಬೊಬ್ಬರೇ ಕತ್ತರಿಸದ ತಮ್ಮ ಬಟ್ಟೆಗಳನ್ನು ಮರಳಿ ಕೇಳಿದರು. ಕಾಕಾ ಪ್ರತಿಯೊಂದರ ಮೂಲೆಯ ದಾರ ನೋಡಿ, ಯಾರದೂ ಅದಲುಬದಲಾಗದಂತೆ, ಮಡಿಸಿ ಕೊಟ್ಟರು. ನಮ್ಮ ಅವ್ವನದನ್ನೂ ಕೊಟ್ಟರು. ಎಲ್ಲರೂ ಹೋದ ಮೇಲೆ ನನಗೆ ಹೇಳಿದ್ದು ಇಷ್ಟೇ — "ನಾಳಿಂದ ಬರಬ್ಯಾಡವ್ವ. ಇಲ್ಲಿ ಕುಂತ್ರ ನಿನ್ನ ಹೆಸರೂ ಕೆಡತೈತಿ." ನಾನು ಅಳುತ್ತ ಮನೆಗೆ ಓಡಿದೆ ಎಂದು ಬರೆಯಬೇಕೆನ್ನಿಸುತ್ತದೆ. ಅಳಲಿಲ್ಲ. ಬಚಾವಾದೆ ಎಂದುಕೊಂಡೆ.

ಎರಡು ತಿಂಗಳು ಅವರು ಖಾಲಿ ಅಂಗಡಿಯಲ್ಲಿ ಕೂತರು. ಕಟ್ಟೆಯ ಮೇಲೆ ಕೂತರೆ ಎಲ್ಲ ಕಾಣುತ್ತಿತ್ತಾದ್ದರಿಂದ ನಾನು ಕಟ್ಟೆಗೆ ಬರುವುದನ್ನು ಬಿಟ್ಟೆ. ಆಮೇಲೊಂದು ಮುಂಜಾನೆ ಮೆಷಿನನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಏರಿಸಿಕೊಂಡು ಊರು ಬಿಟ್ಟರು. ನನ್ನ ಮದುವೆ ಸುರೇಬಾನದವರ ಜೊತೆಯೇ ಆಯಿತು.

ಅಂದಿನಿಂದ ನನಗೆ ಯಾವುದರ ಬಗ್ಗೆಯೂ ಅಭಿಪ್ರಾಯವಿಲ್ಲ. ಯಾವ ಸಿನಿಮಾ ಹೇಗಿತ್ತು ಎಂದರೆ ಚಲೋ ಇತ್ತು, ಯಾವ ಸೀರೆ ಎಂದರೆ ಎಲ್ಲವೂ ಚಲೋ. ಶಾಂತ ಸೊಸೆ ಎಂದು ಅತ್ತೆ ಹೊಗಳಿದರು. ಬಾಯಿ ತೆರೆದರೆ ಅದರ ಹಿಂದೆ ಉಳಿದದ್ದೂ ಬಂದುಬಿಟ್ಟರೆ ಎಂಬ ಹೆದರಿಕೆಯದು. ನೇಸರಗಿಯಿಂದ ಯಾರಾದರೂ ಬಂದರೆ ಅವರ ಮುಖ ನೋಡುತ್ತಿದ್ದೆ — ಕಾಕಾ ಎಲ್ಲಾದರೂ ಹೇಳಿದ್ದಾರೆಯೇ, ಇವರಿಗೆ ಗೊತ್ತಾಗಿದೆಯೇ?

ಐದಾರು ವರ್ಷದ ಹಿಂದೆ ಮಗಳೊಂದಿಗೆ ಸವದತ್ತಿ ಪೇಟೆಗೆ ಹೋಗಿದ್ದೆ. ಸೀರೆ ಅಂಗಡಿಯ ಮೆಟ್ಟಿಲ ಪಕ್ಕ ಮೆಷಿನ್ ಇಟ್ಟುಕೊಂಡು ಮುದುಕನೊಬ್ಬ ಹರಿದ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದ. ನನಗಿಂತ ಮೊದಲು ಅವರೇ ಗುರುತಿಸಿದರು. ಗಡಬಡಿಸಿ ಎದ್ದರು. ಅತ್ತಿತ್ತ ನೋಡಿ, ಪಕ್ಕದವರಿಗೆ ಕೇಳಿಸದಂತೆ ಹೇಳಿದರು —

"ಯವ್ವಾ, ನಾ ಯಾರ ಮುಂದೂ ಹೇಳಿಲ್ಲ. ದೇವರಾಣಿ ಹೇಳಿಲ್ಲ. ನೀ ಅಂಜಬ್ಯಾಡ."

ಕೈ ಮುಗಿದಿದ್ದರು. ನಾನು ವಿಚಾರಿಸಲು ಬಂದಿದ್ದೇನೆ ಎಂದು ಅವರು ತಿಳಿದಿದ್ದರು. ಅವರ ಅನ್ನ ಕಸಿದವಳು ನಾನು, ನನಗೆ ಅವರು ಹೆದರಿದ್ದರು. ಅಲ್ಲೇ ಕಾಲು ಹಿಡಿಯಬೇಕಿತ್ತು. ಆದರೆ ನನ್ನೊಳಗೆ ಮೊದಲು ಬಂದದ್ದು ಏನು ಗೊತ್ತೇ — ಸದ್ಯ, ಯಾರಿಗೂ ಹೇಳಿಲ್ಲ. ಅದೇ. ಆ ಸಮಾಧಾನವನ್ನು ನನಗೆ ಇವತ್ತಿಗೂ ಕ್ಷಮಿಸಿಕೊಳ್ಳಲಾಗಿಲ್ಲ. ಮಗಳು "ಯಾರವ್ವಾ ಅವರು?" ಎಂದು ಕೇಳಿದಳು. "ಯಾರೋ ಟೇಲರ್" ಎಂದೆ. ಅವರಿಗೂ ಕೇಳಿಸಿತು.

ಇಷ್ಟಾದರೂ ನಾನು ಸುಮ್ಮನೆಯೇ ಇದ್ದೆ. ಹೋದ ವಾರ ಮಗಳು ಪತ್ರಿಕೆಗೊಂದು ಪತ್ರ ಬರೆದು ನನಗೆ ತೋರಿಸಿದಳು. ಮನೆಮಂದಿಯೆಲ್ಲ ಕಣ್ಣೀರು ಹಾಕಿ ನೋಡುವ ಟಿವಿ ಧಾರಾವಾಹಿಗಳು ಹೆಂಗಸರಿಗೆ ಅವಮಾನ ಎಂದು ಬರೆದಿದ್ದಳು. ಕೆಳಗೆ ತನ್ನ ಪೂರ್ತಿ ಹೆಸರು, ಊರು, ದಪ್ಪ ಅಕ್ಷರದಲ್ಲಿ. ಕಾಗದ ಕಸಿದುಕೊಂಡು ಹೇಳಿದೆ, "ನಿನ್ನ ಹೆಸರು ಬ್ಯಾಡ. ಬ್ಯಾರೆ ಯಾರದರ ಹಾಕು."

ಅವಳು ನಗುತ್ತಲೇ ಕೇಳಿದಳು, "ಯಾರದ ಹಾಕ್ಲಿ ಹೇಳವ್ವಾ?"

ಕಾಗದವನ್ನು ಅವಳ ಕೈಗೇ ಮರಳಿ ಕೊಟ್ಟು ಒಳಗೆ ಹೋದೆ. ಅವತ್ತು ರಾತ್ರಿಯ ಅಡಿಗೆಯೂ ನೆಟ್ಟಗಾಗಲಿಲ್ಲ.

ಇದರ ಒಂದು ಪ್ರತಿಯನ್ನು ಮಗಳ ಕೈಗೆ ಕೊಡುತ್ತೇನೆ. ನಾಳೆ ಮುಂಜಾನೆಯ ಬಸ್ಸಿಗೆ ನೇಸರಗಿಗೆ ಹೋಗುತ್ತೇನೆ. ಗೌಡಶಾನಿಯವರು ಇನ್ನೂ ಇದ್ದಾರೆ, ಕಿವಿ ಚೆನ್ನಾಗಿದೆಯಂತೆ. ಅವರ ಪಡಸಾಲೆಯಲ್ಲಿ, ಇರುವಷ್ಟು ಹೆಂಗಸರನ್ನು ಕರೆಸಿ, ಇದನ್ನು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಸವದತ್ತಿಗೆ. ಕಾಕಾ ಅದೇ ಮೆಟ್ಟಿಲ ಹತ್ತಿರ ಈಗಲೂ ಕೂರುತ್ತಾರೆಂದು ಕೇಳಿ ತಿಳಿದುಕೊಂಡಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಅವರು ಹೌದ್ರಿ ಎಂದುಬಿಡುತ್ತಾರೆ. ಎಲ್ಲರಿಗೂ ಹೇಳಿ ಬಂದೆ, ಇನ್ನು ನೀವು ಯಾರಿಗೆ ಬೇಕಾದರೂ ಹೇಳಬಹುದು, ಅಷ್ಟು ಮಾತ್ರ ಹೇಳುತ್ತೇನೆ.

ಅತ್ತೆಯ ಮನೆಯಲ್ಲಿ ಏನಾಗುತ್ತದೋ, ಗಂಡ ಏನೆನ್ನುತ್ತಾರೋ, ಅವ್ವ ಇನ್ನು ನನ್ನನ್ನು ಒಳಗೆ ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಹೆದರಿಕೆ ಹೋದ ಮೇಲೆ ಹೇಳೋಣ ಎಂದು ಇಷ್ಟು ವರ್ಷ ಕಾದೆ. ಅದು ಹೋಗಲಿಲ್ಲ. ಹೆದರಿಕೊಂಡೇ ಹೋಗುತ್ತೇನೆ.