ಅಮದಳ್ಳಿಯ ಕಬ್ಬಿಣದ ಬಾಗಿಲು

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಅಂಕೋಲೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು, ನಂಬದಿರುವುದು ಅಭ್ಯಾಸವಾಗಿಹೋಗಿತ್ತು. ನೀವೂ ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ.

ಅಣ್ಣ ಅಮದಳ್ಳಿಯಲ್ಲಿ ವೆಲ್ಡಿಂಗ್ ಕೆಲಸ ಮಾಡಿಕೊಂಡಿದ್ದ. ಮನೆಯ ಹಿಂದಿನ ಕೋಣೆಗೆ, ಹಿತ್ತಲ ಕಡೆಗೆ, ತಾನೇ ಕಬ್ಬಿಣದ ಬಾಗಿಲು ಮಾಡಿ ಕೂರಿಸಿದ್ದ. ಚೌಕಟ್ಟಿನಲ್ಲಿ ಸಂದು ಸಾಲದೆ, ಬೇಸಿಗೆಯ ಮಧ್ಯಾಹ್ನ ಬಿಸಿಲು ಬಿದ್ದರೆ ಬಾಗಿಲು ಹಿಗ್ಗಿ ಕಚ್ಚಿಕೊಳ್ಳುತ್ತಿತ್ತು. ಸಂಜೆ ತಣಿದು ಕುಗ್ಗುವವರೆಗೆ ಅದನ್ನು ತೆಗೆಯುವುದು ಅವನೊಬ್ಬನಿಗೇ ಸಾಧ್ಯ. ಜೋತುಬಿದ್ದ ಹಿಡಿಕೆಯನ್ನು ಮೇಲಕ್ಕೆತ್ತಿ ಹಿಡಿದು, ಕೆಳಗೊಮ್ಮೆ ಒದ್ದು, ಆಮೇಲೆ ಭುಜ ಕೊಟ್ಟು ದೂಡುತ್ತಿದ್ದ.

ಒಂದು ಬೇಸಿಗೆಯಲ್ಲಿ ಕೆಲಸದ ಜಾಗದಲ್ಲಿ ಮೇಲಿನಿಂದ ಬಿದ್ದು ಅವನ ತಲೆಗೆ ಪೆಟ್ಟಾಯಿತು. ಕಾರವಾರದ ಆಸ್ಪತ್ರೆಯಲ್ಲಿ ಎಷ್ಟೋ ದಿನ ಇಟ್ಟುಕೊಂಡ ಮೇಲೆ ಡಾಕ್ಟರು, ಇನ್ನು ಎಚ್ಚರವಾಗುವ ಭರವಸೆಯಿಲ್ಲ, ಮನೆಗೆ ಕರೆದೊಯ್ಯಿರಿ ಎಂದರು. ನನ್ನ ಹೆಂಡತಿಯನ್ನು ಅವನ ಬಳಿ ಬಿಟ್ಟು, ಹಿಂದಿನ ಕೋಣೆಯಲ್ಲಿ ಹಾಸಿಗೆ ಸಿದ್ಧಮಾಡಲು ನಾನೂ ಅತ್ತಿಗೆಯೂ ಮುಂಚಿತವಾಗಿ ಬಂದೆವು. ಸುಡುಬಿಸಿಲು. ಬಾಗಿಲು ಕಚ್ಚಿಕೊಂಡಿತ್ತು.

ದೂಡಿದೆ, ಒದ್ದೆ. ಬಾವಿಯಿಂದ ಕೊಡಗಟ್ಟಲೆ ನೀರು ತಂದು ಸುರಿದೆ. ನೀರು ಆರಿಹೋಯಿತೇ ಹೊರತು ಬಾಗಿಲು ಅಲ್ಲಾಡಲಿಲ್ಲ. ಸೋತು ಇಬ್ಬರೂ ಎದುರಿನ ಮಾವಿನಮರದ ನೆರಳಿನಲ್ಲಿ ಕೂತೆವು. ಅತ್ತಿಗೆ ಅಳುವುದನ್ನೂ ಬಿಟ್ಟಿದ್ದಳು.

ಆಗ, ನಮ್ಮಿಬ್ಬರ ಕಣ್ಣೆದುರಿಗೇ, ಹಿಡಿಕೆ ಮೇಲಕ್ಕೆದ್ದಿತು. ಕೆಳಗೊಂದು ಸದ್ದು, ನಡುವೆ ಇನ್ನೊಂದು. ಬಾಗಿಲು ಒಳಕ್ಕೆ ತೆರೆದುಕೊಂಡಿತು.

“ಅವ್ರೇಯ, ತಮ್ಮಾ,” ಎಂದಳು ಅತ್ತಿಗೆ ಮೆಲ್ಲಗೆ. “ಒಳಗೆ ಹೋದ್ರು.”

ಹೋಗಿ ನೋಡಿದೆ. ಸರಳು ಹಾಕಿದ ಒಂದು ಕಿಟಕಿ, ಹಳೆಯ ಮಂಚ, ಅಷ್ಟೇ. ಬಾಗಿಲು ಮುಟ್ಟಿದರೆ ಇನ್ನೂ ಕೈ ಸುಡುತ್ತಿತ್ತು, ತಣಿದು ಕುಗ್ಗಿತೆನ್ನುವಂತಿರಲಿಲ್ಲ. ಕುಗ್ಗಿದ್ದರೂ ಹಿಡಿಕೆ ಏಕೆ ಮೇಲೇಳಬೇಕು? ಆಸ್ಪತ್ರೆಗೆ ಫೋನು ಮಾಡಿದೆ. ಮನಸ್ಸಿನಲ್ಲಿ ಭಯವಿತ್ತು, ಸುಳ್ಳು ಹೇಳುವುದೇಕೆ, ಎಚ್ಚರವಾಗಿರಬಹುದೆಂಬ ಆಸೆಯೂ ಹುಟ್ಟಿತ್ತು. ಏನೂ ಆಗಿಲ್ಲ, ಬೆಳಿಗ್ಗೆ ಹೇಗಿದ್ದರೋ ಹಾಗೇ ಮಲಗಿದ್ದಾರೆ ಎಂದಳು ಹೆಂಡತಿ.

ಸಂಜೆ ಅಣ್ಣನನ್ನು ತಂದು ಆ ಕೋಣೆಯಲ್ಲೇ ಮಲಗಿಸಿದೆವು. ವರ್ಷಗಳಾದವು. ಅವನ ಕಣ್ಣು ತೆರೆದಿರುತ್ತದೆ, ಯಾರನ್ನೂ ನೋಡುವುದಿಲ್ಲ. ಅತ್ತಿಗೆ ಮೂಗಿನ ನಳಿಗೆಯಲ್ಲಿ ಗಂಜಿನೀರು ಬಿಡುತ್ತಾಳೆ, ಮಗ್ಗುಲು ಹೊರಳಿಸುತ್ತಾಳೆ, ಊರ ಸುದ್ದಿ ಹೇಳುತ್ತಾಳೆ. ನಾನು ಹೋದಾಗಲೆಲ್ಲ ನನ್ನನ್ನು ಒಂದೇ ಮಾತು ಕೇಳುತ್ತಾಳೆ.

“ಆವತ್ತು ಕಾರವಾರದಿಂದ ಇಲ್ಲೀತನಕ ಬಂದೋರಿಗೆ, ಇಲ್ಲೇ ಇದ್ಕಂಡು ಎದ್ದು ಕೂರೂಕೆ ಯಾಕೆ ಆಗೂದಿಲ್ಲ, ತಮ್ಮಾ?”

ಅಂದು ಬಂದದ್ದು ಅವನೇ ಹೌದೋ ಅಲ್ಲವೋ, ಅದೇ ನನಗೆ ಇವತ್ತಿಗೂ ತಿಳಿದಿಲ್ಲ.