ಬೈಕಿನ ಚಾರ್ಜು ಮತ್ತು ಚಿಕ್ಕಮ್ಮನ ಹಲ್ಲು

ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಒಂದೇ ಸಾಲು: "ಮೋಟ್ರು, ಕೊಬ್ಬರಿ, ಚಿಕ್ಕಮ್ಮ. ಬರೆಯಲು ಮನಸ್ಸಿಲ್ಲ." ಮಾರನೆಯ ದಿನದ ಪುಟದಲ್ಲಿ ಬೆಳಗಿನ ತಿಂಡಿಯಿಂದ ಹಿಡಿದು ಸಂಜೆಯ ಶೀನಿನವರೆಗೆ ಎಲ್ಲವೂ ಇದೆ. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಬರೆಯುವವನು ಸುಮ್ಮನಾದ ಜಾಗದಲ್ಲೇ ಅವನ ಮಾನ ಹೋಗಿರುತ್ತದೆ. ಆದ್ದರಿಂದ ಈಗ ಬರೆಯುತ್ತಿರುವುದರಲ್ಲಿ ಅರ್ಧ ನನ್ನ ನೆನಪು, ಇನ್ನರ್ಧ ಚಿಕ್ಕಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದದ್ದು. ಎರಡೂ ಹೊಂದದ ಕಡೆ ಚಿಕ್ಕಮ್ಮನ ಮಾತನ್ನೇ ನಂಬುವುದು ಒಳ್ಳೆಯದು. ನಡೆದದ್ದೇ ಅಷ್ಟು ಚೆನ್ನಾಗಿದ್ದುದರಿಂದ ಅವಳಿಗೆ ಸುಳ್ಳು ಸೇರಿಸುವ ಅಗತ್ಯ ಬೀಳಲಿಲ್ಲ.

ಮೊದಲು ಚಾರ್ಜರಿನ ವಿಷಯ ಹೇಳಿಬಿಡುತ್ತೇನೆ.

ನಮ್ಮ ಊರು ಹಾಲ್ಕುರಿಕೆಯ ಹತ್ತಿರ. ನಾನು ಪಾಠ ಮಾಡುವ ಕಾಲೇಜು ತುರುವೇಕೆರೆಯಲ್ಲಿ. ದಿನಾ ತಿಪಟೂರು ಹಾದು ಬೈಕಿನಲ್ಲಿ ಹೋಗಿ ಬರುತ್ತೇನೆ. ಇಷ್ಟು ದೂರ ಸುಮ್ಮನೆ ಪೆಟ್ರೋಲು ಸುಡುವ ಬದಲು ಅದೇ ಖರ್ಚಿನಲ್ಲಿ ಫೋನೂ ಚಾರ್ಜ್ ಆಗಲಿ ಎಂಬ ಲೆಕ್ಕಾಚಾರದಿಂದ ಹ್ಯಾಂಡಲ್ಲಿಗೆ ಒಂದು ಯುಎಸ್‌ಬಿ ಪೋರ್ಟ್ ಹಾಕಿಸಲು ತಿಪಟೂರಿನ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ಎರಡು ಪೋರ್ಟುಗಳನ್ನು ಮುಂದಿಟ್ಟ. ನಾನು ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿ ನೋಡಿದೆ.

ಇದನ್ನು ಬೇರೆ ಸೀಮೆಯವರಿಗೆ ವಿವರಿಸಬೇಕು. ನಮ್ಮಲ್ಲಿ ಕಾಯನ್ನು ಕಿತ್ತು ವರ್ಷದ ಹತ್ತಿರ ಅಟ್ಟದ ಮೇಲೆ ಬಿಡುತ್ತಾರೆ. ಅದು ಕೊಬ್ಬರಿಯಾಗಿದೆಯೇ ಇಲ್ಲವೇ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಅಲ್ಲಾಡಿಸಿದಾಗ ನೀರು ಕುಲುಕಿದರೆ ಇನ್ನೂ ಕಾಯಬೇಕು. ಗಡಗಡ ಎಂದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ, ಇನ್ನು ಒಡೆಯಬಹುದು. ಹುಟ್ಟಿದಾಗಿನಿಂದ ಈ ಗಡಗಡ ಸದ್ದಿಗೆ ಮನೆಯವರ ಮುಖ ಅರಳುವುದನ್ನು ನೋಡಿ ಬೆಳೆದವನು ನಾನು. ಒಂದು ಪೋರ್ಟು ಸುಮ್ಮನಿತ್ತು, ಇನ್ನೊಂದು ಗಡಗಡ ಎಂದಿತು. ಗಡಗಡ ಎಂದದ್ದನ್ನೇ ಆರಿಸಿಕೊಂಡೆ.

"ಅಣ್ಣ, ಅದೇನು ಕಾಯಾ, ಅಲ್ಲಾಡ್ಸಿ ನೋಡಕ್ಕೆ?" ಎಂದ ಅಂಗಡಿಯವನು.

"ಇದೇ ಇರ್ಲಿ ಬುಡಪ್ಪ, ಚೆನ್ನಾಗೈತೆ" ಎಂದೆ.

ಅವನು ನಿಜವಾಗಿ ಹಾಗೆ ಕೇಳಿದನೋ ಅಥವಾ ಆಮೇಲೆ ನಾನೇ ಆ ಮಾತನ್ನು ಅವನ ಬಾಯಿಗೆ ಹಾಕಿದೆನೋ ಖಚಿತವಿಲ್ಲ. ಅಲ್ಲಾಡಿಸಿದ್ದು ಮಾತ್ರ ಖಚಿತ.

ಆ ಪೋರ್ಟಿನ ಗುಣ ಏನೆಂದರೆ, ರಸ್ತೆ ನುಣುಪಾಗಿದ್ದರೆ ಚಾರ್ಜ್ ಆಗುತ್ತಿತ್ತು, ಗುಂಡಿಗೆ ಇಳಿದ ಕೂಡಲೇ ನಿಲ್ಲುತ್ತಿತ್ತು. ನಮ್ಮ ರಸ್ತೆಗಳಲ್ಲಿ ಇದರ ಅರ್ಥವೇನೆಂದು ಹೇಳಬೇಕಿಲ್ಲ. ಊರಿನಿಂದ ನಲವತ್ತು ಪರ್ಸೆಂಟಿನಲ್ಲಿ ಹೊರಟರೆ ತುರುವೇಕೆರೆಗೆ ಮೂವತ್ತೆಂಟರಲ್ಲಿ ತಲುಪುತ್ತಿದ್ದೆ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಫೋನು ಕಣ್ಣೆದುರೇ ಇದೆಯಲ್ಲ ಎಂದು ಎಂಟು ವರ್ಷದಿಂದ ಓಡಾಡುತ್ತಿರುವ ದಾರಿಗೆ ಮ್ಯಾಪ್ ಹಾಕಿಕೊಳ್ಳುತ್ತಿದ್ದೆ. ನಮ್ಮೂರಿಗೆ ಎಲ್ಲಿ ತಿರುಗಬೇಕೆಂದು ಅದರಲ್ಲಿನ ಹೆಂಗಸು ನನಗೆ ದಿನಾ ಹೇಳುತ್ತಿದ್ದಳು. ನಾನು ದಿನಾ ಕೇಳುತ್ತಿದ್ದೆ.

ಇನ್ನು ಮೋಟ್ರಿನ ವಿಷಯ. ನಮಗೂ ಪಕ್ಕದ ಮನೆಯ ಚಿಕ್ಕಪ್ಪನಿಗೂ ಸೇರಿ ಒಂದೇ ಬೋರ್‌ವೆಲ್. ಕೇಬಲ್ ಕಳ್ಳರ ಕಾಟದಿಂದ ಮೋಟ್ರು ಮನೆಗೆ ಬೀಗ. ಅದಕ್ಕಿರುವ ಒಂದೇ ಕೀಲಿ ನನ್ನ ಬೈಕಿನ ಕೀಲಿಯ ಗೊಂಚಲಿನಲ್ಲಿರುತ್ತದೆ. ದಿನಾ ಬೀಗ ತೆಗೆಯುವ ಗೋಳು ಬೇಡ ಎಂದು ಹೋದ ವರ್ಷ ಫೋನಿನಿಂದ ಆನ್, ಆಫ್ ಮಾಡುವ ಸ್ಟಾರ್ಟರ್ ಹಾಕಿಸಿದೆ. ಅದರಲ್ಲಿ ಯಾರ ಯಾರ ನಂಬರು ಸೇರಿಸುತ್ತೇವೋ ಅವರ ಕರೆಗೆ ಮಾತ್ರ ಅದು ಬಗ್ಗುತ್ತದೆ. ಐದು ನಂಬರು ಸೇರಿಸಬಹುದಿತ್ತು. ನಾನು ನನ್ನದೊಂದನ್ನೇ ಸೇರಿಸಿದೆ.

"ನಂದೂ ಹಾಕ್ಲಾ" ಎಂದಿದ್ದಳು ಚಿಕ್ಕಮ್ಮ, ಗುಂಡಿ ಒತ್ತುವ ತನ್ನ ಹಳೇ ಫೋನನ್ನು ಸೊಂಟದಿಂದ ತೆಗೆದು. "ನಾನು ಮನ್ಲೇ ಇರ್ತೀನಲ್ಲ, ಒಂದು ಕೈ ನೋಡ್ಕಂತೀನಿ."

"ನಿಂಗ್ಯಾಕೆ ಚಿಕ್ಕಮ್ಮ ಇದೆಲ್ಲ ತಾಪತ್ರಯ? ಕನ್‌ಫ್ಯೂಸ್ ಆಗುತ್ತೆ" ಎಂದಿದ್ದೆ. ಈ ಮಾತು ನನಗೆ ನೆನಪಿರಲಿಲ್ಲ. ಚಿಕ್ಕಮ್ಮನಿಗೆ ಅಕ್ಷರಶಃ ನೆನಪಿತ್ತು. 'ಕನ್‌ಫ್ಯೂಸ್' ಎನ್ನುವಾಗ ನಾನು ಕನ್ನಡಕ ಸರಿಮಾಡಿಕೊಂಡದ್ದನ್ನೂ ಸೇರಿಸಿ ಈಗಲೂ ಮಾಡಿ ತೋರಿಸುತ್ತಾಳೆ.

ಚಿಕ್ಕಮ್ಮನಿಗೆ ಆಗ ಬಾಯಲ್ಲಿ ಉಳಿದಿದ್ದದ್ದು ನಾಲ್ಕು ಹಲ್ಲು, ಅವೂ ಒಂದಕ್ಕೊಂದು ಎದುರಾಗದ ಕಡೆ. ಜನ್ಮವಿಡೀ ಕೊಬ್ಬರಿ ಸುಲಿದವಳಿಗೆ ಒಂದು ಚೂರು ಕೊಬ್ಬರಿ ಅಗಿಯಲು ಆಗುತ್ತಿರಲಿಲ್ಲ. ಕಣದ ಬೇಲಿಯ ಸಾಲಿನ ಮರಗಳ ಕಾಯಿ ಅವಳದು ಎಂದು ಮನೆಯಲ್ಲಿ ಮೊದಲಿನಿಂದಲೂ ನಡೆದುಕೊಂಡು ಬಂದಿತ್ತು. ಆ ವರ್ಷದ ಆ ಕೊಬ್ಬರಿ ಮಾರಿ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳುವುದೆಂದು ತೀರ್ಮಾನ ಮಾಡಿಕೊಂಡಿದ್ದಳು. ತಿಪಟೂರಿನ ಡಾಕ್ಟರು ಬಾಯೊಳಗೆ ಮೇಣದಂಥದ್ದೇನೋ ತುಂಬಿ ಅಚ್ಚೂ ತೆಗೆದುಕೊಂಡಿದ್ದರು. ಅಟ್ಟದಿಂದ ಇಳಿಸಿ, ಚಿಪ್ಪು ಒಡೆದು, ಮಾರುಕಟ್ಟೆಗೆ ಹೋಗುವ ಹಿಂದಿನ ದಿನ ಒಂದು ಬಿಸಿಲು ಕಾಣಲಿ ಎಂದು ಕಣದ ತುಂಬ ಹರವಿದ್ದಳು. ಕೊಬ್ಬರಿಗೆ ನೀರು ತಾಗಿದರೆ ಮುಗಿಯಿತು. ಒಳಗೆ ಬೂಷ್ಟು ಹಿಡಿದು ಕಪ್ಪಾಗುತ್ತದೆ, ಕೊಳ್ಳುವವರು ಮೂಸಿಯೂ ನೋಡುವುದಿಲ್ಲ.

ಅವತ್ತು ಅಪ್ಪ ಮತ್ತು ಚಿಕ್ಕಪ್ಪ ನೆಂಟರ ಗೃಹಪ್ರವೇಶಕ್ಕೆಂದು ಕಂದಿಕೆರೆಗೆ ಹೋದರು. ಅಕ್ಕಪಕ್ಕದವರೂ ಅದೇ ಊಟಕ್ಕೆ ಹೊರಟಿದ್ದರು. ಚಿಕ್ಕಮ್ಮ ಕೋತಿ ಕಾಯಲು ಉಳಿದುಕೊಂಡಳು. ಅಪ್ಪ ಹೊರಡುವ ಮೊದಲು ದನದ ತೊಟ್ಟಿ ಬರಿದಾಗಿದೆಯೆಂದು ನನ್ನ ಕೀಲಿ ಇಸಿದುಕೊಂಡು ಹೋಗಿ ಮೋಟ್ರು ಮನೆಯೊಳಗಿನ ವಾಲ್ವನ್ನು ಆ ಕಡೆ ತಿರುಗಿಸಿ, "ತೊಟ್ಟಿ ಕಡೆ ಬಿಟ್ಟಿವ್ನಿ, ಆನ್ ಮಾಡಿ ಅರ್ಧ ಗಂಟೆಗೆ ಆಫ್ ಮಾಡ್ಬುಡು" ಎಂದು ನನಗೆ ಹೇಳಿದರಂತೆ. ಅವರು ಹೇಳಿದ್ದು ನನಗೆ ನೆನಪಿಲ್ಲ. ನಾನು "ಹೂಂ" ಎಂದದ್ದು ನೆನಪಿದೆ. ಯಾವುದಕ್ಕೆ ಎಂದೆ ಎಂದು ಆಗಲೂ ಗೊತ್ತಿರಲಿಲ್ಲ. ತೊಟ್ಟಿ ಇರುವುದು ಚಿಕ್ಕಮ್ಮನ ಕಣದ ತಲೆಯ ಮೇಲೆ.

ಮಧ್ಯಾಹ್ನ ತುರುವೇಕೆರೆ ಬಿಡುವಾಗ ಕಾಲೇಜಿನ ಗೇಟಿನ ಹತ್ತಿರ ನಾಲ್ಕು ಜನ ಇದ್ದರು. ಅವರ ಮುಂದೆ ಫೋನು ತೆಗೆದು, "ಇಲ್ಲಿ ಒತ್ತಿದ್ರೆ ಅಲ್ಲಿ ನೀರು, ನೋಡ್ರೀ" ಎಂದು ಮೋಟ್ರು ಆನ್ ಮಾಡಿದೆ. ಅದನ್ನು ತೋರಿಸಲೆಂದೇ ಆನ್ ಮಾಡಿದೆನೋ, ಆನ್ ಮಾಡುವಾಗ ತೋರಿಸಿದೆನೋ? ಈ ಪ್ರಶ್ನೆಯನ್ನು ಹಲವು ಸಲ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಉತ್ತರ ಬರುವ ಮೊದಲೇ ಬೇರೆ ಕೆಲಸ ನೆನಪಾಗುತ್ತದೆ.

ತಿಪಟೂರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಚಿಕ್ಕಮ್ಮನ ಕರೆ ಬಂತು. ಫೋನಿನಲ್ಲಿ ಎರಡು ಪರ್ಸೆಂಟ್ ಇತ್ತು.

"ಲೇ, ಮೋಟ್ರು ಆಫ್ ಮಾಡ್ಲಾ! ತೊಟ್ಟಿ ತುಂಬಿ ಕಣಕ್ಕೆ ನುಗ್ತಾ ಐತೆ! ಕೊಬ್ರಿ ಕಣ್ಲಾ, ನನ್ ಕೊಬ್ರಿ..."

"ಈಗ್ಲೇ, ಈಗ್ಲೇ" ಎಂದು ಕರೆ ಕತ್ತರಿಸಿ ಸ್ಟಾರ್ಟರಿನ ನಂಬರು ಒತ್ತಿದೆ. ಪರದೆ ಒಂದು ಸಲ ಬೆಳಗಿ ಕಪ್ಪಾಯಿತು.

ಹೋಟೆಲಿನಲ್ಲೇ ಐದು ನಿಮಿಷ ಚಾರ್ಜಿಗೆ ಹಾಕಬಾರದಿತ್ತೇ ಎಂದು ಆಮೇಲೆ ಕೇಳದವರಿಲ್ಲ. ಗಾಡಿಯಲ್ಲೇ ಚಾರ್ಜರ್ ಇಟ್ಟುಕೊಂಡವನು ಗಲ್ಲಾದವನ ಹತ್ತಿರ ಪ್ಲಗ್ ಬೇಡುವುದೇ? ಕಾಫಿ ಅರ್ಧಕ್ಕೇ ಬಿಟ್ಟು, ಕೇಬಲ್ ಚುಚ್ಚಿ ಹೊರಟೆ. ಆದರೆ ತಿಪಟೂರಿನಿಂದ ನಮ್ಮೂರ ಕಡೆ ಅರ್ಧ ದಾರಿಯನ್ನು ಪೈಪಿಗೆಂದು ಅಗೆದು ಹಾಕಿದ್ದರು. ಚಾರ್ಜಿನ ಗುರುತು ಮೂಡುವುದು, ಗುಂಡಿ ಬರುವುದು, ಗುರುತು ಆರುವುದು. ಗುಂಡಿಗಳ ಆಘಾತ ಪೋರ್ಟಿಗೆ ತಾಗದಿರಲೆಂದು ಸೀಟಿನಿಂದ ಎದ್ದು ನಿಂತು ಓಡಿಸಿದೆ. ನಾನು ಎದ್ದರೆ ಹ್ಯಾಂಡಲ್ಲಿಗೆ ಏನು ಉಪಕಾರ ಎಂಬುದು ಆಗ ಹೊಳೆಯಲಿಲ್ಲ.

ಊರೊಳಗೆ ಬಂದ ಕೂಡಲೇ ಹೊಸ ಸಿಮೆಂಟು ರಸ್ತೆ ಸಿಕ್ಕಿತು. ಒಂದೂ ಗುಂಡಿಯಿಲ್ಲ. ಚಾರ್ಜಿನ ಗುರುತು ಮೂಡಿ ಗಟ್ಟಿಯಾಗಿ ನಿಂತಿತು. ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಏನು ನಡೆಯಿತು ಎಂಬುದನ್ನು ಪ್ರಾಮಾಣಿಕವಾಗಿ ಬರೆಯಬೇಕು. ಅಪ್ಪನ ಹಳೆಯ ಸೈಕಲ್ಲಿಗೆ ಡೈನಮೋ ಇತ್ತು. ತುಳಿದರೆ ಬೆಳಕು, ನಿಂತರೆ ಕತ್ತಲು. ಆ ಡೈನಮೋ ನನ್ನ ತಲೆಯಲ್ಲಿ ಇನ್ನೂ ತಿರುಗುತ್ತಿತ್ತೆಂದು ಕಾಣುತ್ತದೆ. ಗಾಡಿ ನಿಂತರೆ ಚಾರ್ಜ್ ನಿಲ್ಲುತ್ತದೆ, ಚಾರ್ಜ್ ನಿಂತರೆ ಫೋನು ಏಳುವುದಿಲ್ಲ, ಫೋನು ಏಳದಿದ್ದರೆ ಮೋಟ್ರು ನಿಲ್ಲುವುದಿಲ್ಲ, ಮೋಟ್ರು ನಿಲ್ಲದಿದ್ದರೆ ಚಿಕ್ಕಮ್ಮನ ಹಲ್ಲು ನೀರು ಪಾಲು. ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಗಾಡಿ ನಿಲ್ಲಿಸದೆ ಆ ಸಿಮೆಂಟು ರಸ್ತೆಯಲ್ಲೇ ಊರು ಸುತ್ತತೊಡಗಿದೆ. ಮೋಟ್ರು ಮನೆಯ ಕೀಲಿ ನನ್ನ ಕಣ್ಣಿನ ಕೆಳಗೆ, ಬೈಕಿನ ಕೀಲಿಯ ಜೊತೆ, ಟಣಟಣ ಎಂದು ತೂಗಾಡುತ್ತಿತ್ತು. ಅದು ಕಾಣಲಿಲ್ಲವೆಂದು ಹೇಳಿ ಬಚಾವಾಗಬಹುದು. ನಿಜ ಹೇಳಬೇಕೆಂದರೆ ಕಂಡಿತ್ತು. ಅದನ್ನು ತೆಗೆದರೆ ಚಾರ್ಜ್ ಹೋಗುತ್ತದಲ್ಲ ಎಂದುಕೊಂಡೆ.

ಎಷ್ಟು ಸುತ್ತು? ನನ್ನ ಪ್ರಕಾರ ಮೂರು. ಚಿಕ್ಕಮ್ಮನ ಪ್ರಕಾರ ಏಳು. ರಸ್ತೆ ಹಾಯುವುದು ಅವಳ ಕಣದ ಮುಂದೆಯೇ ಆದ್ದರಿಂದ ಅವಳಿಗೆ ಎಲ್ಲ ಸುತ್ತೂ ಕಾಣುತ್ತಿತ್ತು. ಮೊದಲ ಸಲ ನನ್ನನ್ನು ಕಂಡಾಗ, ಬಂದನಲ್ಲ ಎಂದು ಸಮಾಧಾನವಾಯಿತಂತೆ. ಅವಳು ಕೊಬ್ಬರಿಯನ್ನು ಸೆರಗಿಗೂ ಪುಟ್ಟಿಗೂ ತುಂಬಿ ಜಗುಲಿಗೆ ಸುರಿಯುತ್ತಿದ್ದಳು. ನಾನು ಕೈ ಎತ್ತಿ, "ಇನ್ನೇನು ಆಯ್ತು ಚಿಕ್ಕಮ್ಮ!" ಎಂದು ಕೂಗಿ ಮುಂದೆ ಹೋದೆ. ಎರಡನೆಯ ಸಲ ಅವಳು ಏನೋ ಕೂಗಿದಳು. ಗಾಡಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಕೇಳಿಸದೇ ಇದ್ದದ್ದು ಒಳ್ಳೆಯದೇ ಆಯಿತು ಎಂದು ಆ ಮಾತಿನ ಅರ್ಥ ಬಲ್ಲವರು ಹೇಳುತ್ತಾರೆ.

ಕೊನೆಯ ಸುತ್ತಿನಲ್ಲಿ ಪರದೆ ಬೆಳಗಿತು. ಫೋನು ಏಳುವ ಮುನ್ನ ಬರುವ ಆ ಬಣ್ಣದ ಚಿತ್ರ ಕಾಣಿಸಿಕೊಂಡಿತು. ಅಷ್ಟರಲ್ಲಿ ಚಿಕ್ಕಮ್ಮ ರಸ್ತೆ ಮಧ್ಯೆ ನಿಂತಿದ್ದಳು. ಸೀರೆ ಮೊಣಕಾಲಿಗೆ ಕಟ್ಟಿದೆ, ಪಾದದ ಮೇಲೆ ಕೆಸರು. ನಾನು ಬ್ರೇಕ್ ಹಾಕಿದೆ.

"ಎಲ್ಲಿಗೋಗ್ತಾ ಇದ್ದೀಯಪ್ಪ?" ಎಂದಳು, ಮೆಲ್ಲಗೆ.

"ಚಾರ್ಜ್ ಮಾಡ್ತಿದ್ದೀನಿ ಚಿಕ್ಕಮ್ಮ. ಇನ್ನೊಂದ್ ನಿಮಿಷ."

ಅವಳು ಹ್ಯಾಂಡಲ್ಲಿನ ಕಡೆ ನೋಡಿದಳು. ಫೋನು ನೋಡಿದಳು. ಕೇಬಲ್ ನೋಡಿದಳು. ಆಮೇಲೆ ಕೀಲಿ ಗೊಂಚಲು ನೋಡಿದಳು. ಕೈ ಹಾಕಿ, ತಿರುಗಿಸಿ, ಕಿತ್ತುಕೊಂಡಳು. ಗಾಡಿ ಆರಿತು. ಫೋನೂ ಆರಿತು. ತೋಟದೊಳಗೆ ನಡೆದು ಹೋದಳು. ಸ್ವಲ್ಪ ಹೊತ್ತಿಗೆ ಮೋಟ್ರಿನ ಸದ್ದು ನಿಂತಿತು. ಅದು ಅಷ್ಟು ಹೊತ್ತೂ ಕೇಳಿಸುತ್ತಿತ್ತು ಎಂಬುದು ನನಗೆ ಗೊತ್ತಾದದ್ದೇ ಆಗ.

ಗಾಡಿ ನಿಲ್ಲಿಸಿ ಬರಿ ಕೀಲಿ ತಿರುಗಿಸಿಟ್ಟರೂ ಆ ಪೋರ್ಟ್ ಚಾರ್ಜ್ ಮಾಡುತ್ತದೆ ಎಂದು ಅಂಗಡಿಯವನು ವಾರದ ನಂತರ ಹೇಳಿದ. ಅದನ್ನು ಮನೆಯಲ್ಲಿ ನಾನು ಇನ್ನೂ ಹೇಳಿಲ್ಲ.

ಕೊಬ್ಬರಿಯಲ್ಲಿ ಹೆಚ್ಚಿನದು ಉಳಿಯಿತು. ಉಳಿಸಿದ್ದು ಅವಳ ಸೆರಗು ಮತ್ತು ಪುಟ್ಟಿ. ನೆನೆದದ್ದು ಎರಡು ಪುಟ್ಟಿಯಷ್ಟು. ನಾನು ಕಣದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಅಂಗಿಯಿಂದ ಒರೆಸಿದೆ. ಚಿಕ್ಕಮ್ಮ ಜಗುಲಿ ಮೇಲೆ ಕೂತು ನೋಡಿದಳು. ಕೊನೆಗೆ ಕೇಳಿದಳು:

"ಲೇ, ನೀನು ಓದಿದ್ದು ಎಷ್ಟು ವರ್ಷ?"

"ಹದಿನೇಳು."

"ಊಂ" ಎಂದಳು. ಅಪ್ಪ ಕಂದಿಕೆರೆಯಿಂದ ಬಂದು ಎಲ್ಲರ ಮುಂದೆ ಅರ್ಧ ಗಂಟೆ ಬೈದರು. ಅದು ಈ 'ಊಂ'ನಷ್ಟು ನಾಟಲಿಲ್ಲ.

ಸಂಜೆ ಅವಳ ಹಳೇ ಫೋನನ್ನು ಕೇಳಿ ಇಸಿದುಕೊಂಡು ಅವಳ ನಂಬರನ್ನು ಸ್ಟಾರ್ಟರಿಗೆ ಸೇರಿಸಿದೆ. ಕೊನೆಯ ಸಲ ಚಾರ್ಜಿಗೆ ಹಾಕಿದ್ದು ಯಾವಾಗ ಎಂದು ಕೇಳಿದೆ. ನೆನಪು ಮಾಡಿಕೊಂಡು, "ಸ್ವಾಮಾರ" ಎಂದಳು. ಅವತ್ತು ಶುಕ್ರವಾರ. ಪರದೆಯ ಮೇಲೆ ಇನ್ನೂ ಮೂರು ಗೆರೆ ಇದ್ದವು. ಆನ್ ಮಾಡುವುದು, ಆಫ್ ಮಾಡುವುದು ಹೇಗೆಂದು ವಿವರಿಸಲು ಹೊರಟೆ. "ಗೊತ್ತು ಬುಡು, ನೀನು ಮಾಡಾದ ನೋಡಿವ್ನಿ" ಎಂದು ಫೋನು ಕಸಿದುಕೊಂಡಳು. ಅವತ್ತಿನ ಡೈರಿಗೆ ಆ ಒಂದು ಸಾಲು ಬರೆದದ್ದು ಇದಾದ ಮೇಲೆ.

ನೆನೆದ ಎರಡು ಪುಟ್ಟಿ ಯಾರಿಗೂ ಮಾರುವಂತಿರಲಿಲ್ಲ. ಬೂಷ್ಟು ಹಿಡಿಯುವ ಮುಂಚೆ ತುರಿದು ಎರಡೂ ಮನೆಯವರು ತಿಂದು ಮುಗಿಸಿದೆವು. ಮಿಠಾಯಿ, ಚಟ್ನಿಪುಡಿ, ಹೋಳಿಗೆಯ ಹೂರಣ. ನನಗೆ ಬಡಿಸುವಾಗ ಮಾತ್ರ ಸೌಟು ಎರಡನೆಯ ಸಲವೂ ಬರುತ್ತಿತ್ತು, ಬೇಡವೆಂದರೂ. ಮಿಕ್ಕ ಕೊಬ್ಬರಿ ಮಾರಾಟವಾಯಿತು. ಒಂದು ತಿಂಗಳು ತಡವಾಗಿ ಹಲ್ಲಿನ ಸೆಟ್ಟು ಬಂತು. ತಡವಾದದ್ದು ಡಾಕ್ಟರಿಂದ ಎಂದು ನನ್ನ ನೆನಪು. ಈ ಒಂದು ವಿಷಯದಲ್ಲಿ ನಾನು ನನ್ನ ನೆನಪನ್ನೇ ನಂಬಿಕೊಂಡಿದ್ದೇನೆ.

ಈಗಲೂ ತುರುವೇಕೆರೆ ಬಿಡುವಾಗ ಕೆಲವು ದಿನ ಮೋಟ್ರು ಆನ್ ಮಾಡುತ್ತೇನೆ, ಗೇಟಿನ ಹತ್ತಿರ ಯಾರೂ ಇಲ್ಲದಾಗ. ತಿಪಟೂರು ತಲುಪುವುದರೊಳಗೆ, ಮೋಟಾರ್ ನಿಂತಿದೆ ಎಂದು ಸ್ಟಾರ್ಟರಿನಿಂದ ಮೆಸೇಜು ಬಂದಿರುತ್ತದೆ. ಮೊನ್ನೆ ಗಾಡಿ ಬದಿಗೆ ಹಾಕಿ ಚಿಕ್ಕಮ್ಮನಿಗೆ ಫೋನು ಮಾಡಿದೆ.

"ಯಾಕೆ ಚಿಕ್ಕಮ್ಮ ಆಫ್ ಮಾಡ್ದೆ? ಈಗ ತಾನೆ ಹಾಕಿದ್ನಲ್ಲ."

ಆ ಕಡೆಯಿಂದ ಮೊದಲು ಕರಕರ ಎಂದು ಏನೋ ಗಟ್ಟಿಯಾದದ್ದನ್ನು ಅಗಿಯುವ ಸದ್ದು ಬಂತು. ಅವಸರವೇನೂ ಇರಲಿಲ್ಲ. ಪೂರ್ತಿ ನುಂಗಿ ಆದ ಮೇಲೆ ಹೇಳಿದಳು:

"ತೊಟ್ಟಿ ತುಂಬ್ತು ಕಣಪ್ಪ. ನಿನ್ ಫೋನಲ್ಲಿ ಚಾರ್ಜ್ ಐತೇನ್ಲಾ?"

ನೋಡಿದೆ. ಹನ್ನೊಂದು ಇತ್ತು.

"ಐತೆ" ಎಂದೆ.